ಚಪ್ಪರ ಹಾರಿಸಿದ ಗಾಳಿಗೂ ಸೇರಿಸಿ, ಎಲ್ಲರಿಗೂ

ಅಮೆರಿಕದ ಅರಿಜೋನಾದಲ್ಲಿ, ಸ್ಯಾನ್ ಪೆಡ್ರೊ ನದಿಯ ದಂಡೆಯಲ್ಲಿ ನಡೆದ ನದಿ ಹಬ್ಬ ಮುಗಿದು ಮೂರು ದಿನವಾಯಿತು. ಸುಸ್ತು ಇನ್ನೂ ಇಳಿದಿಲ್ಲ, ಆದರೆ ಧನ್ಯವಾದ ಹಳಸುವ ಮೊದಲು ಹೇಳಿಬಿಡಬೇಕು.

ಅದಕ್ಕೂ ಮೊದಲು ಒಂದು ಕ್ಷಮೆ. ಫೀನಿಕ್ಸ್‌ನಿಂದ ಮೂರು ಗಂಟೆ ಕಾರು ಓಡಿಸಿಕೊಂಡು ಬಂದ ನಾಲ್ಕು ಕನ್ನಡ ಕುಟುಂಬಗಳಿಗೆ ನಾನು ಕಳುಹಿಸಿದ್ದು ತಪ್ಪು ನಕ್ಷೆ. ಹಬ್ಬ ನಡೆದ, ಸಿಯೆರಾ ವಿಸ್ಟಾ ಊರಿನ ಪಕ್ಕದ ಸ್ಯಾನ್ ಪೆಡ್ರೊ ಹೌಸ್‌ಗೆ ಬರಬೇಕಾದವರು ಫೇರ್‌ಬ್ಯಾಂಕ್ ತಲುಪಿದ್ದರು. ಅದು ಜನ ಬಿಟ್ಟುಹೋದ ಹಳೆಯ ರೈಲು ಊರು. “ಇಲ್ಲಿ ಹಬ್ಬವೂ ಇಲ್ಲ, ನರಪಿಳ್ಳೆಯೂ ಇಲ್ಲ” ಎಂದು ಫೋನ್ ಬಂದಾಗ ಭೂಮಿ ಬಾಯ್ತೆರೆಯಬಾರದೇ ಎನಿಸಿತು. ಯಾರೂ ಸಿಟ್ಟಾಗಲಿಲ್ಲ. ಪುಳಿಯೋಗರೆಯ ಡಬರಿ, ಮಜ್ಜಿಗೆಯ ಕ್ಯಾನು ಸಮೇತ ಬಂದು, ನೇರವಾಗಿ ಕೆಲಸಕ್ಕೆ ನಿಂತರು.

ಕೆಲಸವೂ ಕಾದಿತ್ತು. ಏಪ್ರಿಲ್ ಗಾಳಿ ನಮ್ಮ ಮಕ್ಕಳ ಮೇಜಿನ ಚಪ್ಪರವನ್ನು ಎತ್ತಿ ಮುಳ್ಳುಗಿಡಗಳ ಮೇಲೆ ಒಗೆದಿತ್ತು. ಪಕ್ಕದ ಮೇಜಿನವರು ಓಡಿಹೋಗಿ ಹಿಡಿದು ತಂದರು, ನಾಲ್ಕು ಕಾಲಿಗೂ ನೀರು ತುಂಬಿದ ಕ್ಯಾನು ಕಟ್ಟಿದರು. ಹೆಸರು ಕೇಳುವುದಕ್ಕೂ ಪುರುಸೊತ್ತಾಗಲಿಲ್ಲ. ಅದೇ ಗಾಳಿ ಕಾಟನ್‌ವುಡ್ ಮರಗಳ ಹತ್ತಿಯನ್ನು, ನಮ್ಮ ಬೂರುಗದ ಅರಳೆಯಂತೆ, ಮಕ್ಕಳ ತಲೆಯ ಮೇಲೆಲ್ಲ ಸುರಿಯಿತು. ಹಾಗಾಗಿ ಅದರ ಮೇಲೆ ದೂರಿಲ್ಲ.

ಶಿವಮೊಗ್ಗದಿಂದ ಮಗಳ ಮನೆಗೆ ಬಂದಿದ್ದ ಹಿರಿಯರೊಬ್ಬರು ನದಿಯನ್ನು ನೋಡಿ, “ಏನಮ್ಮಾ, ಇದಕ್ಕೇ ಇಷ್ಟು ದೂರ ಕರೆಸಿದೆಯಾ? ನಮ್ಮ ಕಡೆ ಇದನ್ನು ಹಳ್ಳ ಎಂದೂ ಕರೆಯುವುದಿಲ್ಲ” ಎಂದರು. ತುಂಗೆಯನ್ನು ಕಂಡ ಕಣ್ಣು, ತಪ್ಪೇನಿಲ್ಲ. ಪಾದ ಮುಳುಗುವಷ್ಟು ನೀರು. 350ಕ್ಕೂ ಹೆಚ್ಚು ಬಗೆಯ ಹಕ್ಕಿಗಳು ಇಲ್ಲಿ ದಾಖಲಾಗಿವೆ, ಸುಮಾರು 64 ಕಿ.ಮೀ. ನದಿಪಾತ್ರವನ್ನು ಅಮೆರಿಕದ ಸಂಸತ್ತು 1988ರಲ್ಲೇ ಸಂರಕ್ಷಿಸಿದೆ ಎಂದೆಲ್ಲ ನಾನು ಒಪ್ಪಿಸಿದೆ. ಅವರು ಮಜ್ಜಿಗೆ ಕುಡಿದರು.

ಅವರನ್ನು ಗೆದ್ದದ್ದು ನನ್ನ ಅಂಕಿಸಂಖ್ಯೆಯಲ್ಲ. ನಮ್ಮ ಗುಂಪನ್ನು ನಡೆಸಿಕೊಂಡು ಹೋದ ನಿವೃತ್ತ ನರ್ಸ್ ಒಬ್ಬರು ಒಣ ಮರಳಿನ ಮೇಲೆ ಮಂಡಿಯೂರಿ ಎರಡೂ ಕೈಯಿಂದ ತೋಡತೊಡಗಿದರು. ಮೊಣಕೈ ಆಳಕ್ಕೆ ಮರಳಿನ ಬಣ್ಣ ಕಪ್ಪಾಯಿತು. ಗುಂಡಿಯ ತಳದಲ್ಲಿ ನೀರು ಮೊದಲು ಕದಡಿ, ಆಮೇಲೆ ತಿಳಿಯಾಗಿ, ನಿಧಾನವಾಗಿ ಏರಿತು. ಮಕ್ಕಳು ಉಸಿರೆತ್ತಲಿಲ್ಲ. ನಾನು ಹಿರಿಯೂರಿನವಳು. ವೇದಾವತಿಯ ಒಣ ಪಾತ್ರದಲ್ಲಿ ಅಜ್ಜಿ ಚಿಲುಮೆ ತೋಡಿ ತಂಬಿಗೆಯಲ್ಲಿ ನೀರು ಮೊಗೆಯುತ್ತಿದ್ದುದು ಕಣ್ಣ ಮುಂದೆ ಬಂದು ಗಂಟಲು ಕಟ್ಟಿತು. ಹಿರಿಯರು ಬಗ್ಗಿ ಬೆರಳು ಅದ್ದಿ, “ಹಾಗಾದರೆ ನದಿ ಕೆಳಗಿದೆ” ಎಂದರು.

ಕೆಳಗೇ ಇದೆ. ಬೆಟ್ಟಗಳ ಮೇಲೆ ಬಿದ್ದ ಮಳೆ, ಹಿಮ ನೆಲಕ್ಕಿಳಿದು ಇಲ್ಲಿ ತಲೆಯೆತ್ತುತ್ತದೆ. ಊರಿನ ಕೊಳವೆಬಾವಿಗಳು ಸೆಳೆಯುವುದೂ ಅದೇ ನೀರನ್ನು, ನನ್ನ ಮನೆಯ ನಲ್ಲಿಗೂ ಸೇರಿ. 1999ರಿಂದ ಪ್ರತಿ ಜೂನ್‌ನಲ್ಲಿ, ಮಳೆಗಾಲಕ್ಕೆ ಮುಂಚಿನ ಉರಿಬಿಸಿಲಲ್ಲಿ, ಸ್ವಯಂಸೇವಕರು ನದಿಯುದ್ದಕ್ಕೂ ನಡೆದು ಎಲ್ಲಿ ನೀರಿದೆ, ಎಲ್ಲಿ ಒಣಗಿದೆ ಎಂದು ಗುರುತು ಹಾಕುತ್ತಾರೆ. ಆ ನರ್ಸ್ ಹಾಗೆ ನಡೆಯುವವರಲ್ಲೊಬ್ಬರು. ಅವರ ಉಗುರಿನ ಸಂದಿಯಲ್ಲಿದ್ದ ಮರಳಿಗೆ ನನ್ನ ನಮಸ್ಕಾರ.

ಬೈನಾಕ್ಯುಲರ್ ಕೊಟ್ಟವರಿಗೆ, ಪಾರ್ಕಿಂಗ್ ನೋಡಿಕೊಂಡ ಹುಡುಗರಿಗೆ, ಹಿಂದಿನ ರಾತ್ರಿ ಒಗ್ಗರಣೆ ಹಾಕಿದವರಿಗೆ ವಂದನೆಗಳು. ಕುಂಕುಮದ ಬಣ್ಣದ ವರ್ಮಿಲಿಯನ್ ಫ್ಲೈಕ್ಯಾಚರ್ ಹಕ್ಕಿ ಬೇಲಿಯ ಮೇಲೆ ಕೂತಾಗ “ಶ್!” ಎಂದು ದೊಡ್ಡವರನ್ನೆಲ್ಲ ಸುಮ್ಮನಾಗಿಸಿದ ಎಂಟು ವರ್ಷದ ಪುಟ್ಟಿಗೆ ವಿಶೇಷ ವಂದನೆ.

ಈ ಜೂನ್‌ನ ನಡಿಗೆಗೆ ನಾನೂ ಹೆಸರು ಕೊಟ್ಟಿದ್ದೇನೆ. ಜೊತೆಗೆ ಬರುವವರು ತಿಳಿಸಿ, ಈ ಸಲ ನಕ್ಷೆಯನ್ನು ಎರಡು ಸಲ ನೋಡಿಯೇ ಕಳುಹಿಸುತ್ತೇನೆ. ಮತ್ತೆ, ಹಿಡಿಯ ಮೇಲೆ ‘ಸ’ ಎಂದು ಕೊರೆದಿರುವ ಸ್ಟೀಲ್ ಸೌಟೊಂದು ನನ್ನ ಬಳಿ ಉಳಿದಿದೆ. ಯಾರದ್ದು?