ಮಗಳಿಗೊಂದು ಪತ್ರ: ಜೋಗ ನೋಡಿ ಅಲ್ಲಿಂದಲೇ ತಿರುಗಬೇಡಿ

ಪುಟ್ಟೀ,

ಆಫೀಸಿನ ಗೆಳತಿಯರನ್ನು ಜೋಗಕ್ಕೆ ಕರ್ಕೊಂಡು ಬರ್ತೀನಿ ಅಂದಿದ್ದೀಯಲ್ಲ, ಧಾರಾಳವಾಗಿ ಬಾ. ಆದರೆ ನೀನು ವಾಟ್ಸಾಪಿನಲ್ಲಿ ಕಳಿಸಿದ ಪ್ಲಾನ್ ನೋಡಿ ಸ್ವಲ್ಪ ಸಿಟ್ಟೇ ಬಂತು. ಹತ್ತಕ್ಕೆ ಜೋಗ, ಫೋಟೋ, ಮಂಡಕ್ಕಿ, ಹನ್ನೆರಡಕ್ಕೆ ವಾಪಸ್! ಅಷ್ಟಕ್ಕೆ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬರಬೇಕಾ?

ಜೋಗ ಚೆಂದವೇ, ಇಲ್ಲ ಅನ್ನಲ್ಲ. 253 ಮೀಟರ್ ಎತ್ತರದಿಂದ ಬೀಳೋ ನೀರು. ಮಂಜು ಮುಚ್ಚಿಕೊಂಡರೆ ಮಾತ್ರ ರಾಜನೂ ಇಲ್ಲ, ರಾಣಿಯೂ ಇಲ್ಲ, ಬರೀ ಸದ್ದು ಕೇಳಿ ಬರಬೇಕು. ಅದೂ ಇರಲಿ, ಬಿದ್ದ ನೀರು ಆಮೇಲೆ ಎಲ್ಲಿಗೆ ಹೋಗುತ್ತೆ ಅಂತ ಯಾರೂ ಕೇಳೋದೇ ಇಲ್ಲ ನೋಡು. ಶರಾವತಿ ಅಲ್ಲಿಂದ ಕಣಿವೆಗಿಳಿದು, ಎರಡೂ ಕಡೆ ದಟ್ಟ ಕಾಡಿನ ನಡುವೆ ಗೇರುಸೊಪ್ಪೆಗೆ ಬಂದು, ಹೊನ್ನಾವರದಲ್ಲಿ ಸಮುದ್ರ ಸೇರುತ್ತಾಳೆ. ನನ್ನ ಕೇಳಿದರೆ ನೋಡಬೇಕಾದ್ದು ಆ ಕಣಿವೆಯನ್ನೇ.

ಹಾಗಾಗಿ ಗಾಡಿಯನ್ನು ಹೊನ್ನಾವರದ ರಸ್ತೆಗೆ ತಿರುಗಿಸಿ. ಮಾವಿನಗುಂಡಿ ದಾಟಿದ ಮೇಲೆ ಕತ್ತಲೆಕಾನು ಸಿಗುತ್ತೆ. ಹೆಸರಿಗೆ ತಕ್ಕ ಹಾಗೆ ಮಧ್ಯಾಹ್ನವೂ ಮಬ್ಬು. ಒಳಗೆ ಹೋಗೋಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅದನ್ನು ನಾನು ವಿಚಾರಿಸ್ತೀನಿ. ಅಲ್ಲಿ ರಾಮಪತ್ರೆ ಜಡ್ಡಿ ಇದೆ, ಅಂದ್ರೆ ರಾಮಪತ್ರೆ ಮರಗಳ ಜೌಗು ಕಾಡು. ವರ್ಷವಿಡೀ ನೀರು ನಿಂತ ಕೆಸರು, ಆ ಕೆಸರಿನಲ್ಲಿ ಬೇರಿಗೆ ಗಾಳಿ ಸಿಗಲ್ಲ, ಅದಕ್ಕೇ ಬೇರುಗಳು ಮಣ್ಣಿಂದ ಮೇಲೆದ್ದು, ಮಂಡಿ ಮಡಚಿದ ಹಾಗೆ ಬಾಗಿ, ಉಸಿರೆಳೆದುಕೊಂಡು ಮತ್ತೆ ಕೆಸರಿಗೇ ಇಳಿಯುತ್ತವೆ. ಒಂದೊಂದು ಮರದ ಸುತ್ತ ಇಂಥ ಮಂಡಿಗಳು ಎಷ್ಟಿರುತ್ತವೆ ಅಂದ್ರೆ ಕಾಲಿಡೋಕೂ ಜಾಗ ಇರಲ್ಲ.

ಅದೇ ಕಾಡಿನ ತೊರೆಗಳಲ್ಲಿ ಕುಂಬಾರ ಕಪ್ಪೆ ಅಂತ ಇದೆ. ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟಿದ್ದು 2014ರಲ್ಲಿ. ಹೆಣ್ಣು ನೀರಿನ ಮೇಲಿನ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿಸುತ್ತೆ. ಆಮೇಲೆ ಗಂಡು ತೊರೆಯ ತಳದಿಂದ ಮುಂಗಾಲಲ್ಲಿ ಮಣ್ಣು ತಂದು ಆ ಮೊಟ್ಟೆಗಳಿಗೆ ಮೆತ್ತುತ್ತೆ. ಮತ್ತೆ ಇಳಿಯುತ್ತೆ, ಮತ್ತೆ ತರುತ್ತೆ. ಬಾಣಂತನದ ಕೆಲಸದಲ್ಲಿ ಗಂಡಸು ಇಷ್ಟು ಕೈಹಾಕೋದು ನಮ್ಮ ಮನೆಗಳಲ್ಲೂ ಕಡಿಮೆ, ಅಲ್ವಾ? (ನಿನ್ನಪ್ಪನಿಗೆ ಓದಿ ಹೇಳಬೇಡ.)

ಅದೃಷ್ಟ ಇದ್ದರೆ ಸಿಂಗಳೀಕ ಕಾಣಬಹುದು. ಕಪ್ಪು ಮೈ, ಮುಖದ ಸುತ್ತ ಬೂದು ಬಿಳಿ ಕೇಸರ. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದ ಬೇರೆ ಯಾವ ಕಾಡಿನಲ್ಲೂ ಇಲ್ಲ. ಅವು ನೆಲಕ್ಕೆ ಇಳಿಯೋದೇ ಅಪರೂಪ, ಕೊಂಬೆಯಿಂದ ಕೊಂಬೆಗೇ ಓಡಾಟ. ರಸ್ತೆಗೋ ಕರೆಂಟ್ ಲೈನಿಗೋ ಅಂತ ಮಧ್ಯೆ ಒಂದು ಪಟ್ಟಿ ಮರ ಕಡಿದರೂ ಸಾಕು, ಆಚೆಯವು ಆಚೆ, ಈಚೆಯವು ಈಚೆ.

ಈ ಕಣಿವೆಗೇ 2019ರಲ್ಲಿ ಸಿಂಗಳೀಕ ಅಭಯಾರಣ್ಯ ಅಂತ ಹೆಸರಾಯ್ತು. ಈಗ ಅಲ್ಲೇ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆ ಬೇಕಂತೆ. ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತೋದು, ಬೇಡಿಕೆ ಜಾಸ್ತಿಯಾದಾಗ ಕೆಳಗೆ ಬಿಟ್ಟು ಕರೆಂಟ್ ತೆಗೆಯೋದು. ಎತ್ತೋಕೆ ಖರ್ಚಾಗೋ ಕರೆಂಟು ಬರೋದಕ್ಕಿಂತ ಜಾಸ್ತಿ. ಬೇಡಿಕೆಯ ಹೊತ್ತಿಗೆ ಸಿಗುತ್ತಲ್ಲ ಅನ್ನೋದು ಯೋಜನೆಯವರ ಲೆಕ್ಕ. ನಮಗೆ ಕರೆಂಟೇ ಬೇಡ ಅಂತ ನಾನು ಹೇಳ್ತಿಲ್ಲ. ಆದರೆ 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ನಿನ್ನಜ್ಜಿಯ ತವರಿನ ತೋಟ ಮುಳುಗಿಯಾಗಿದೆ. ಈ ನದಿ, ಈ ಊರುಗಳು ಒಂದು ಸಲ ಕೊಟ್ಟಾಗಿದೆ, ಇನ್ನೆಷ್ಟು ಕೊಡಬೇಕು? ನಿನ್ನ ಗೆಳತಿಯರು ಏನಂತಾರೋ ಕೇಳಬೇಕು ನನಗೆ, ಬೆಂಗಳೂರಿನವರಲ್ವಾ.

ಆಮೇಲೆ ಘಾಟಿ ಇಳಿದು ಗೇರುಸೊಪ್ಪೆಗೆ ಹೋಗಿ. ಹೊಳೆಯಾಚೆ ಚತುರ್ಮುಖ ಬಸದಿ ಇದೆ, ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಊರು ಅದು. ನಾಲ್ಕೂ ದಿಕ್ಕಿಗೆ ಬಾಗಿಲು. ಅದಕ್ಕೆ ಅರ್ಧ ಗಂಟೆ ಸಾಕು.

ಉಂಬಳದ (ಜಿಗಣೆಯ) ವಿಷಯ ಮೊದಲೇ ಅವರಿಗೆ ಹೇಳಿಬಿಡು, ಆಮೇಲೆ ಕಿರುಚಾಡೋದು ಬೇಡ. ಕಾಲಿಗೆ ಹಚ್ಚೋಕೆ ಸುಣ್ಣ, ಹೊಗೆಸೊಪ್ಪು ನಾನಿಟ್ಟಿರ್ತೀನಿ. ಜೀನ್ಸ್ ಬೇಡ, ಒದ್ದೆಯಾದರೆ ಒಣಗಲ್ಲ. ಎಷ್ಟು ಜನ ಬರ್ತೀರಿ, ಅದರಲ್ಲಿ ಮೀನು ತಿನ್ನೋರು ಎಷ್ಟು ಅಂತ ಗುರುವಾರದೊಳಗೆ ಹೇಳು. ಹೊನ್ನಾವರದಲ್ಲಿ ಊಟಕ್ಕೆ ಎಲ್ಲಿ ಅಂತ ಅದರ ಮೇಲೆ ನೋಡೋಣ.

ಅಮ್ಮ