ಕ್ಯಾಬಿನ್ ಎಷ್ಟು ಚದರಡಿ ಅಂತ ಮೊದಲು ಹೇಳಿ

ಮಾನ್ಯ ಸಂಪಾದಕರೇ,

ಎರಡು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಹಡಗು ಪ್ರವಾಸದ ಬಗ್ಗೆ ಒಂದು ಬರಹ ಬಂದಿತ್ತು. ಕಿಟಕಿ ಇಲ್ಲದ ಅಗ್ಗದ ಕ್ಯಾಬಿನ್ನನ್ನು ಬರೆದವರು ಜೈಲು ಅಂದುಬಿಟ್ಟಿದ್ದರು. ಅದೇ ಪುರವಣಿಯ ಹಿಂದಿನ ಪುಟದಲ್ಲಿ ಪೂರ್ತಿ ಪುಟದ ಹಡಗಿನ ಜಾಹೀರಾತು. ಅದರಲ್ಲಿ ಈಜುಕೊಳ ಇತ್ತು, ಸೂರ್ಯಾಸ್ತ ಇತ್ತು, ಊಟದ ಮೇಜು ಇತ್ತು. ಮಲಗುವ ಕೋಣೆ ಮಾತ್ರ ಇರಲಿಲ್ಲ. ಜೈಲು ಅಂದದ್ದೂ ಸರಿಯಲ್ಲ, ತೋರಿಸದೆ ಬಿಟ್ಟದ್ದೂ ಸರಿಯಲ್ಲ ಅಂತ ನನಗೆ ಅನ್ನಿಸಿತು. ಅದಕ್ಕೇ ಈ ಪತ್ರ.

ನಾನು ಮುಂಬಯಿಯ ಫೋರ್ಟಿನ ಒಂದು ಆರ್ಕಿಟೆಕ್ಟ್ ಆಫೀಸಿನಲ್ಲಿ 34 ವರ್ಷ ಡ್ರಾಫ್ಟ್ಸ್‌ಮನ್ ಆಗಿದ್ದವನು. ವಯಸ್ಸು 67. ಈಗ ಡೊಂಬಿವಲಿಯಲ್ಲಿ ಆರಾಮಾಗಿದ್ದೇನೆ. ಊರಿಗೆ ಹೋಗಲಿ, ಮದುವೆಗೆ ಹೋಗಲಿ, ಚೀಲದಲ್ಲಿ ಮೂರು ಮೀಟರಿನ ಟೇಪ್ ಇದ್ದೇ ಇರುತ್ತದೆ. ಹೋದ ಚಳಿಗಾಲದಲ್ಲಿ ಗೋವಾಕ್ಕೆ ಹೋಗಿಬರುವ ಹಡಗು ಹತ್ತಿದಾಗಲೂ ಇತ್ತು. ಬಲ್ಲಾರ್ಡ್ ಪಿಯರ್ ಬಂದರಿನ ತಪಾಸಣೆಯಲ್ಲಿ ಹೆಂಡತಿಯ ಇಸ್ತ್ರಿಪೆಟ್ಟಿಗೆ ತೆಗೆದಿಟ್ಟುಕೊಂಡರು. ಬೆಂಕಿಯ ಭಯಕ್ಕೆ ಹಡಗಿನಲ್ಲಿ ಅದನ್ನು ಬಿಡುವುದಿಲ್ಲ. ಟೇಪ್ ನೋಡಿ ತಪಾಸಣೆಯ ಹುಡುಗಿ ನಕ್ಕಳು, ವಾಪಸ್ ಕೊಟ್ಟಳು.

ನಾವು ನಾಲ್ಕು ಜನ. ನಾನು, ಹೆಂಡತಿ, ಅವಳ ಅಕ್ಕ, ಹತ್ತು ವರ್ಷದ ಮೊಮ್ಮಗ. ಅತ್ತಿಗೆಗೆ 71. ಟಿಕೆಟ್ ಮಾಡಿಸಿದ್ದು ನಮ್ಮ ಸ್ಟೇಷನ್ ಹತ್ತಿರದ ಒಬ್ಬ ಏಜೆಂಟನ ಹತ್ತಿರ. ಹೆಸರು ಬೇಡ. "ಅಂಕಲ್, ನಾಲ್ಕು ಜನರ ಇನ್‌ಸೈಡ್ ಕ್ಯಾಬಿನ್. ಏಸಿ, ಟೀವಿ, ಅಟ್ಯಾಚ್ಡ್ ಬಾತ್‌ರೂಮ್, ಎಲ್ಲ ಉಂಟು. ಆರಾಮಾಗಿ ಆಗುತ್ತದೆ" ಅಂದ. ಇನ್‌ಸೈಡ್ ಅಂದರೆ ಕಿಟಕಿ ಇಲ್ಲದ್ದು. ಒಂದೇ ಕೋಣೆಯಲ್ಲಿ ಮಲಗಿದರೆ ಮೂರನೆಯವರಿಗೂ ನಾಲ್ಕನೆಯವರಿಗೂ ದರ ಕಡಿಮೆ. ಎರಡು ಕೋಣೆಗೆ ಹೋಲಿಸಿದರೆ ಒಳ್ಳೆಯ ಉಳಿತಾಯ. ಕೋಣೆ ಎಷ್ಟು ದೊಡ್ಡದು ಅಂತ ನಾನು ಕೇಳಲೇ ಇಲ್ಲ. ಬದುಕಿಡೀ ಬೇರೆಯವರ ಮನೆ ಅಳೆದವನಿಗೆ ಆ ಒಂದು ಪ್ರಶ್ನೆ ಹೊಳೆಯಲಿಲ್ಲ, ನೋಡಿ.

ಹತ್ತಿದ ಮೇಲೆ ಅಳೆದೆ. ಅಗಲ 8 ಅಡಿ 4 ಇಂಚು. ಉದ್ದ 14 ಅಡಿ 9 ಇಂಚು. ಬಾತ್‌ರೂಮೂ ಸೇರಿ 123 ಚದರಡಿ. ಬಾತ್‌ರೂಮಿಗೇ 16 ಚದರಡಿ ಹೋಯಿತು. ಉಳಿದ 107ರಲ್ಲಿ ಎರಡು ಮಂಚ, ಒಂದು ಕಪಾಟು, ಒಂದು ಮೇಜು, ಒಂದು ಕುರ್ಚಿ. ಮಂಚಗಳ ನಡುವೆ 3 ಅಡಿ 4 ಇಂಚು ಜಾಗ. ಅದರಲ್ಲಿ ನಾಲ್ಕು ಜನರ ಚಪ್ಪಲಿ, ಮಂಚದಡಿ ಹೋಗದ ಒಂದು ದೊಡ್ಡ ಸೂಟ್‌ಕೇಸು, ಜತೆಗೆ ನಾವು.

ಸುಮ್ನೆ ದೂರು ಹೇಳುತ್ತಿದ್ದಾನೆ ಅಂದುಕೊಳ್ಳಬೇಡಿ. ಇಕ್ಕಟ್ಟು ನನಗೆ ಹೊಸದಲ್ಲ. ನಾನು ಹುಟ್ಟಿ ಬೆಳೆದದ್ದು ಪರೇಲಿನ ಚಾಳಿನಲ್ಲಿ, ಅಂದರೆ ಒಂದೊಂದು ಖೋಲಿಗೆ, ಒಂದೊಂದು ಕೋಣೆಗೆ, ಒಂದೊಂದು ಸಂಸಾರ ಇರುವ ಸಾಲುಮನೆಯಲ್ಲಿ. ವರಳಿಯ ಬಿಡಿಡಿ ಅನ್ನುವ ಹಳೆಯ ಸರಕಾರಿ ಚಾಳುಗಳ ಖೋಲಿ 160 ಚದರಡಿ ಅಂತ ಮುಂಬಯಿಯವರಿಗೆಲ್ಲ ಗೊತ್ತು. ನಮ್ಮದೂ ಹೆಚ್ಚು ಕಡಿಮೆ ಅಷ್ಟೇ. ಅದರಲ್ಲಿ ಏಳು ಜನ, ಮೂಲೆಯಲ್ಲಿ ಮೋರಿ, ಅಟ್ಟದ ಮೇಲೆ ಟ್ರಂಕು. ಆದರೆ ಏಳು ಜನರೂ ಖೋಲಿಯೊಳಗೆ ಇರುತ್ತಿದ್ದದ್ದು ಯಾವಾಗ? ಮಳೆ ಬಂದಾಗ ಮಾತ್ರ. ಓದು, ಜಗಳ, ಸೊಪ್ಪು ಬಿಡಿಸುವುದು, ಗಂಡಸರ ನಿದ್ದೆ ಎಲ್ಲ ಹೊರಗಿನ ಗ್ಯಾಲರಿಯಲ್ಲಿ. ಖೋಲಿ ಅಂದರೆ ಸಾಮಾನು ಇಡುವ ಜಾಗ. ಬದುಕುವ ಜಾಗ ಗ್ಯಾಲರಿ.

ಹಡಗಿನ ಒಳಕೋಣೆಯೂ ಹಾಗೇ. ಹಡಗಿನ ಹೊರಮೈಗೆ ತಾಗಿದ ಕೋಣೆಗಳಿಗೆ ಸಮುದ್ರ ಕಾಣುತ್ತದೆ. ನಡುವೆ, ಎರಡು ಕಾರಿಡಾರಿನ ಒಳಗೆ ಉಳಿದ ಜಾಗದಲ್ಲಿ ಇನ್‌ಸೈಡ್ ಕ್ಯಾಬಿನ್. ಅವಕ್ಕೆ ಕಿಟಕಿ ಇಡಲು ಹೊರಗೋಡೆಯೇ ಇಲ್ಲ. ದರ ಕಡಿಮೆ ಇರುವುದೂ ಅದಕ್ಕೇ. ಆದರೆ ಮೇಲೆ ಬಯಲು ಡೆಕ್ ಇದೆ, ಊಟದ ಹಾಲ್ ಇದೆ, ಗಾಳಿ ಇದೆ, ಅವೆಲ್ಲ ಬಾಲ್ಕನಿ ಕೋಣೆಯವರಿಗೂ ನಮಗೂ ಒಂದೇ. ನಮಗೆ ಹೇಳಿದ ದರದಲ್ಲಿ ಬಾಲ್ಕನಿ ಕೋಣೆ ಸುಮಾರು ಎರಡು ಪಟ್ಟು. ಹಗಲಿಡೀ ಡೆಕ್ಕಿನಲ್ಲಿ ಕೂತು ರಾತ್ರಿ ಮಾತ್ರ ಒಳಗೆ ಬರುವ ಗಂಡ ಹೆಂಡತಿಗೆ ಒಳಕೋಣೆ ಧಾರಾಳ ಸಾಕು. ಹಾಗಾಗಿ ಜೈಲು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ತೊಂದರೆ ಶುರುವಾಗುವುದು ಮೂರನೆಯವರಿಂದ. ನಮ್ಮ ಲೋಕಲ್ ಗಾಡಿಯ ಫೋರ್ತ್ ಸೀಟ್ ಇದೆಯಲ್ಲ, ಮೂರು ಜನರ ಬೆಂಚಿನ ತುದಿಯಲ್ಲಿ ಅರ್ಧ ಕೂತು ಅರ್ಧ ನಿಂತು ಹೋಗುವುದು, ಹಾಗೆ. ಕೂತೆ ಅಂತ ಹೇಳಬಹುದು. ಬೇಡ ಅಂತಲೂ ಹೇಳಲಾಗುವುದಿಲ್ಲ.

ಮೇಲಿನ ಎರಡು ಬರ್ತುಗಳು ಹಗಲು ಹೊತ್ತು ಛಾವಣಿಗೆ ಮಡಚಿಕೊಂಡಿರುತ್ತವೆ. ರಾತ್ರಿ ಕೋಣೆ ನೋಡಿಕೊಳ್ಳುವ ಹುಡುಗ ಬಂದು ಇಳಿಸಿ, ಏಣಿ ಸಿಕ್ಕಿಸಿ ಹೋಗುತ್ತಾನೆ. ಒಂದಕ್ಕೆ ಮೊಮ್ಮಗ ಖುಷಿಯಿಂದ ಹತ್ತಿದ. ಇನ್ನೊಂದಕ್ಕೆ ಯಾರು? ಅತ್ತಿಗೆಗೆ ಮಂಡಿ ನೋವು. ಹೆಂಡತಿ ಏಣಿ ನೋಡಿಯೇ "ನನ್ನಿಂದ ಆಗ್ಲಿಕ್ಕಿಲ್ಲ ಮಾರಾಯ್ರೆ" ಅಂದಳು. ನಾನೇ ಹತ್ತಿದೆ. ಹಾಸಿಗೆಯಿಂದ ಛಾವಣಿಗೆ 2 ಅಡಿ 2 ಇಂಚು. ಕೂರಲು ಆಗುವುದಿಲ್ಲ. ಒರಗಿ ನೀರು ಕುಡಿಯಲೂ ಆಗುವುದಿಲ್ಲ. ನನ್ನ ವಯಸ್ಸಿಗೆ ರಾತ್ರಿ ಎರಡು ಸಲವಾದರೂ ಏಳಬೇಕು. ಕತ್ತಲಲ್ಲಿ ಏಣಿಯ ಮೊದಲ ಮೆಟ್ಟಿಲನ್ನು ಕಾಲಲ್ಲಿ ಹುಡುಕುತ್ತಾ, ಕೆಳಗೆ ಮಲಗಿದ ಅತ್ತಿಗೆಯ ಕೈ ತುಳಿಯದ ಹಾಗೆ ಇಳಿದು, ಸೂಟ್‌ಕೇಸು ದಾಟಿ, ಬಾತ್‌ರೂಮಿನ ಎತ್ತರದ ಹೊಸ್ತಿಲಿಗೆ ಎಡವಿದೆ. ಕಾಲಿನ ಹೆಬ್ಬೆರಳು ಊದಿಕೊಂಡಿತು. ಮಾರನೆ ದಿನ ಹಳೆ ಗೋವಾದ ಚರ್ಚುಗಳನ್ನು ನಾನು ಬಸ್ಸಿನಿಂದಲೇ ನೋಡಿದ್ದು.

ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ಹೋಗುವಾಗ ಮೇಲಿನ ಬರ್ತ್ ಕಂಡು ನಮಗೆ ಗೊತ್ತಿಲ್ಲವೇ? ಗೊತ್ತು. ಆದರೆ ರೈಲ್ವೆಯಲ್ಲಿ 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಲೋವರ್ ಬರ್ತ್ ಕೋಟಾ ಇದೆ. ಸಿಗುತ್ತದೋ ಬಿಡುತ್ತದೋ, ಕೇಳಲು ಒಂದು ದಾರಿಯಾದರೂ ಇದೆ. ಟಿಕೆಟಿನಲ್ಲಿ ಲೋವರ್, ಅಪ್ಪರ್ ಅಂತ ಬರೆದೇ ಇರುತ್ತದೆ. ನಮ್ಮ ಹಡಗಿನ ಟಿಕೆಟಿನಲ್ಲಿ ಕೋಣೆಯ ನಂಬರೂ ಇರಲಿಲ್ಲ. ಅಗ್ಗದ ದರದ ಶರತ್ತೇ ಹಾಗಂತೆ, ಉಳಿದ ಕೋಣೆಗಳಲ್ಲಿ ಒಂದನ್ನು ಕಂಪನಿಯವರೇ ಕೊಡುತ್ತಾರೆ. ನಮಗೆ ಸಿಕ್ಕಿದ್ದರ ಮೇಲ್ಗಡೆ ಕುಣಿಯುವ ಹಾಲ್. ರಾತ್ರಿ ಎರಡರವರೆಗೆ ಧಡ್ ಧಡ್. ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಡುಭಾಗದಲ್ಲಿ, ಮೇಲೂ ಕೆಳಗೂ ಬೇರೆ ಕೋಣೆಗಳೇ ಇರುವ ಕಡೆ ಸಿಕ್ಕರೆ ಅಲುಗಾಟವೂ ಕಡಿಮೆ, ಸದ್ದೂ ಕಡಿಮೆ. ಇದನ್ನು ನನಗೆ ಹೇಳಿದ್ದು ಎಂಟು ಸಲ ಹಡಗು ಹತ್ತಿದ ಪುಣೆಯ ಒಬ್ಬ ಅಜ್ಜಿ. ಪಕ್ಕದ ಕೋಣೆಯವರು. ಗೋಡೆ ತಗಡಿನದ್ದು ಅಂತ ತೋರಿಸಿಕೊಟ್ಟವರೂ ಅವರೇ. ಮನೆಯಿಂದ ತಂದ ಆಯಸ್ಕಾಂತದ ಕೊಕ್ಕೆಗಳನ್ನು ಗೋಡೆಗೆ ಅಂಟಿಸಿ ಒದ್ದೆ ಟವೆಲು, ಚೀಲ, ಟೋಪಿ ಎಲ್ಲ ನೇತುಹಾಕಿದ್ದರು. ನಮಗೂ ಎರಡು ಕೊಟ್ಟರು. ನೆಲ ಅರ್ಧ ಖಾಲಿ ಆಯಿತು!

ಕತ್ತಲ ವಿಷಯ ಬೇರೆ. ಬೆಳಿಗ್ಗೆ ಐದಕ್ಕೆ ಏಳುವವನು ನಾನು. ಕಣ್ಣು ಬಿಟ್ಟೆ, ಗಾಢ ಕತ್ತಲು, ಇನ್ನೂ ರಾತ್ರಿ ಅಂತ ಮಲಗಿದೆ. ಮತ್ತೆ ಎಚ್ಚರವಾಯಿತು, ಮತ್ತೆ ಅದೇ ಕತ್ತಲು. ಮೊಬೈಲು ಆ ತುದಿಯ ಮೇಜಿನ ಪ್ಲಗ್ಗಿನಲ್ಲಿ. ಕೊನೆಗೆ ನೋಡಿದರೆ 9 ಗಂಟೆ 10 ನಿಮಿಷ. ತಿಂಡಿಯ ಹಾಲ್‌ನಲ್ಲಿ ಇಡ್ಲಿ ಮುಗಿದು ಬ್ರೆಡ್ಡು ಉಳಿದಿತ್ತು. ಆಮೇಲೆ ಮೊಮ್ಮಗ ಒಂದು ಉಪಾಯ ಕಂಡುಹಿಡಿದ. ಟೀವಿಯಲ್ಲಿ ಹಡಗಿನ ಮುಂಭಾಗದ ಕ್ಯಾಮೆರಾ ತೋರಿಸುವ ಒಂದು ಚಾನೆಲ್ ಇತ್ತು. ಸದ್ದು ತೆಗೆದು ರಾತ್ರಿಯಿಡೀ ಹಾಕಿಟ್ಟೆವು. ಆಕಾಶ ಬೆಳ್ಳಗಾದಾಗ ಕೋಣೆಯೂ ಬೆಳ್ಳಗಾಯಿತು. ದೊಡ್ಡ ಕಂಪನಿಗಳು ಇದನ್ನೇ ಜಾಸ್ತಿ ಖರ್ಚು ಮಾಡಿ ಮಾಡಿವೆ. 2011ರಲ್ಲಿ ಬಂದ ಡಿಸ್ನಿ ಡ್ರೀಮ್ ಹಡಗಿನ ಒಳಕೋಣೆಗಳಲ್ಲಿ ದುಂಡನೆ ಪರದೆಯ ಕಿಟಕಿ ಇದೆ, ಹೊರಗಿನ ಕ್ಯಾಮೆರಾದ ಸಮುದ್ರ ಅದರಲ್ಲಿ ಕಾಣುತ್ತದೆ.

ಅತ್ತಿಗೆಯ ಕಷ್ಟ ಇನ್ನೊಂದು. ಸ್ನಾನವಾದ ಮೇಲೆ "ಭಾವ, ಪೂರ್ವ ಯಾವ ಕಡೆ?" ಅಂತ ಕೇಳಿದರು. ಮುಂಬಯಿಯಿಂದ ಗೋವಾಕ್ಕೆ ಅಂದರೆ ಹಡಗು ದಕ್ಷಿಣಕ್ಕೆ ಹೋಗುತ್ತಿದೆ, ಹಾಗಾದರೆ ಎಡಗಡೆ ಪೂರ್ವ, ಟೀವಿಯ ಗೋಡೆ ಅಂತ ಲೆಕ್ಕ ಹಾಕಿ ತೋರಿಸಿದೆ. ಅವರು ಟೀವಿಗೆ ಕೈಮುಗಿದರು. ಡೆಕ್ಕಿಗೆ ಹೋಗಿ ನೋಡಿದರೆ ಹಡಗು ಆಗಲೇ ಮರ್ಮಗೋವಾ ಬಂದರಿನಲ್ಲಿ ತಿರುಗಿ ನಿಂತಿತ್ತು. ಅತ್ತಿಗೆ ಇವತ್ತಿಗೂ ನನ್ನನ್ನು ಅದಕ್ಕೆ ಬಿಟ್ಟಿಲ್ಲ.

ಒಂದು ಮಾತು ಗಂಭೀರವಾಗಿ. ಹತ್ತಿದ ದಿನವೇ ಎಲ್ಲರನ್ನೂ ಸೇರಿಸಿ ಅಪಾಯದಲ್ಲಿ ಎಲ್ಲಿ ನಿಲ್ಲಬೇಕು ಅಂತ ತೋರಿಸುತ್ತಾರೆ. 2012ರ ಜನವರಿಯಲ್ಲಿ ಇಟಲಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಮಗುಚಿ 32 ಜನ ಸತ್ತ ಮೇಲೆ ಈ ನಿಯಮ ಬಿಗಿಯಾಯಿತು. ಹಡಗು ಹೊರಡುವ ಮೊದಲು, ಇಲ್ಲವೇ ಹೊರಟ ಕೂಡಲೇ ಇದು ಆಗಲೇಬೇಕು. ನಮ್ಮವರಲ್ಲಿ ಅರ್ಧ ಜನ ಸೆಲ್ಫಿ ತೆಗೆಯುತ್ತಿದ್ದರು. ಕಿಟಕಿ ಇಲ್ಲದ ಕೋಣೆಯವರು ಇದನ್ನು ತಪ್ಪಿಸಬಾರದು. ಕರೆಂಟ್ ಹೋದರೆ ನಮಗೆ ಹೊರಗಿನ ಬೆಳಕು ಒಂದಿಷ್ಟೂ ಇಲ್ಲ, ಅಲ್ವಾ? ನಾನು ನಮ್ಮ ಬಾಗಿಲಿನಿಂದ ಮೆಟ್ಟಿಲಿನವರೆಗೆ ಬಾಗಿಲು ಎಣಿಸಿದೆ. ಹದಿನಾಲ್ಕು. ಮೊಮ್ಮಗನಿಂದ ಕಣ್ಣು ಮುಚ್ಚಿಸಿ ಎಣಿಸಿದಾಗಲೂ ಹದಿನಾಲ್ಕು.

ನನ್ನ ಅಪ್ಪ 1950ರ ದಶಕದಲ್ಲಿ ಮಂಗಳೂರಿನಿಂದ ಸ್ಟೀಮರಿನಲ್ಲಿ, ಡೆಕ್ಕಿನ ಮೇಲೆ ಚಾಪೆ ಹಾಸಿ ಬೊಂಬಾಯಿಗೆ ಬಂದವರು. ನಾನೂ ಮುಂಬಯಿಯ ಭಾವುಚಾ ಧಕ್ಕಾ ಬಂದರಿನಿಂದ ಕೊಂಕಣ ಶಕ್ತಿ ಸ್ಟೀಮರು ಹತ್ತಿ ಪಣಜಿಗೆ ಹೋಗಿದ್ದೇನೆ. ಅಲ್ಲಿ ಯಾರೂ ಆರಾಮ ಅಂತ ಮಾತು ಕೊಟ್ಟಿರಲಿಲ್ಲ. ಡೆಕ್ ಅಂದರೆ ಡೆಕ್. ಬೇಗ ಹೋದವನಿಗೆ ಜಾಗ. ಮಾತು ಕೊಟ್ಟು, ಆ ಮಾತಿನ ಅಳತೆ ಹೇಳದಿರುವುದಕ್ಕೆ ನನ್ನ ತಕರಾರು.

ಬಿಲ್ಡರುಗಳೂ ಮೊದಲು ಹೀಗೇ ಇದ್ದರು. ಸೂಪರ್ ಬಿಲ್ಟ್‌ಅಪ್ ಅಂತ ಲಿಫ್ಟು, ಮೆಟ್ಟಿಲು, ಗೇಟಿನ ವಾಚ್‌ಮನ್ ಕುರ್ಚಿಯವರೆಗೆ ಎಲ್ಲ ಸೇರಿಸಿ ಮಾರುತ್ತಿದ್ದರು. ಆ ನಕ್ಷೆಗಳನ್ನು ಬರೆದವನೇ ನಾನು, ನನಗೂ ಪಾಪ ತಟ್ಟಿದೆ. 2017ರ ಮೇ 1ರಿಂದ ಬಿಲ್ಡರುಗಳ ಮೇಲಿನ ರೇರಾ ಕಾಯ್ದೆ ಪೂರ್ತಿಯಾಗಿ ಬಂದ ಮೇಲೆ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ಬಳಸಲು ಸಿಗುವ ಜಾಗ, ಹೇಳಲೇಬೇಕಾಯಿತು. ಹಡಗಿಗೆ ಯಾಕೆ ಬೇಡ? ಹೊರದೇಶದ ಕೆಲವು ದೊಡ್ಡ ಕಂಪನಿಗಳು ಒಂದೊಂದು ಬಗೆಯ ಕೋಣೆಯ ಚದರಡಿ, ಡೆಕ್ಕಿನ ನಕ್ಷೆ ಎಲ್ಲ ತಾವೇ ಹಾಕುತ್ತವೆ. ಇಲ್ಲಿನ ಜಾಹೀರಾತಿನಲ್ಲೂ ಕೋಣೆ ಎಷ್ಟು ಚದರಡಿ, ನೆಲದ ಮೇಲೆ ಎಷ್ಟು ಹಾಸಿಗೆ, ಏಣಿ ಹತ್ತುವವು ಎಷ್ಟು, ಇಷ್ಟನ್ನು ಒಂದು ಸಾಲಿನಲ್ಲಿ ಹಾಕಲಿ. ಪೂರ್ತಿ ಪುಟದಲ್ಲಿ ಒಂದು ಸಾಲಿಗೆ ಜಾಗ ಸಿಗುತ್ತದೆ. ಸಂಪಾದಕರೇ, ಆ ಜಾಹೀರಾತು ಹಾಕುವವರು ನೀವು. ನೀವು ಕೇಳಿದರೆ ಹೇಳುತ್ತಾರೆ.

ಇಷ್ಟು ಉದ್ದ ಬರೆಯಲು ಇನ್ನೊಂದು ಕಾರಣ ಇದೆ. ನಮ್ಮ ಕನ್ನಡ ಸಂಘದ ಹಿರಿಯರ ಬಳಗದವರು 28 ಜನ ಬರುವ ಜನವರಿಯಲ್ಲಿ ಹಡಗು ಪ್ರವಾಸ ಹೊರಟಿದ್ದಾರೆ. ಎಲ್ಲರೂ 60 ದಾಟಿದವರು. ಏಜೆಂಟ್ ಏಳು ಇನ್‌ಸೈಡ್ ಕ್ಯಾಬಿನ್ ಸಾಕು ಅಂದಿದ್ದಾನೆ. ಅಂದರೆ 14 ಜನ ಏಣಿ ಹತ್ತಬೇಕು. ಹದಿನಾಲ್ಕು ಕೋಣೆ ಮಾಡಿ, ಬೇಕಾದರೆ ಒಂದು ರಾತ್ರಿ ಕಡಿಮೆ ಮಾಡಿ ಅಂತ ನಾನು ಸಭೆಯಲ್ಲಿ ಹೇಳಿದ್ದೇನೆ. ಖರ್ಚು ಜಾಸ್ತಿ ಅಂತ ಗೊಣಗಾಟ ನಡೆದಿದೆ. ಗಂಡ ತೀರಿಕೊಂಡ ಒಬ್ಬರು ಒಬ್ಬರೇ ಒಂದು ಕೋಣೆ ಕೇಳಿದರು. ದರವೇ ಇಬ್ಬರ ಲೆಕ್ಕದಲ್ಲಿ ಇರುವುದರಿಂದ ಅವರಿಗೆ ಹೆಚ್ಚು ಕಡಿಮೆ ಎರಡು ಟಿಕೆಟಿನ ಹಣ ಬೀಳುತ್ತದೆ. ಅವರಿಗೆ ಜತೆ ಹುಡುಕುತ್ತಿದ್ದೇವೆ.

ಮೊನ್ನೆ ಏಜೆಂಟನಿಗೆ ಮೆಸೇಜ್ ಹಾಕಿ ಕೋಣೆಯ ಅಳತೆ ಕೇಳಿದೆ. "ಸ್ಟ್ಯಾಂಡರ್ಡ್ ಸೈಜ್ ಅಂಕಲ್" ಅಂತ ಉತ್ತರ ಬಂತು. ಸ್ಟ್ಯಾಂಡರ್ಡ್ ಅಂದರೆ ಎಷ್ಟು ಅಡಿಗೆ ಎಷ್ಟು ಅಡಿ ಅಂತ ಮತ್ತೆ ಕೇಳಿದ್ದೇನೆ. ನೋಡಿದ್ದಾನೆ, ನೀಲಿ ಟಿಕ್ ಬಂದಿದೆ.

ಇಂತಿ,
ನಿಮ್ಮ ಹಳೆಯ ಓದುಗ, ನಿವೃತ್ತ ಡ್ರಾಫ್ಟ್ಸ್‌ಮನ್
ಡೊಂಬಿವಲಿ ಪೂರ್ವ