ಸೀಮಿತ ಸಂಖ್ಯೆಯ ಕಾರು: ಹೊಸ ಮಾದರಿ ಬಂದಾಗ ಬೆಲೆ ಏಕೆ ಬೀಳುತ್ತದೆ

ಮಾನ್ಯ ಸಂಪಾದಕರೇ,

ಸೀಮಿತ ಸಂಖ್ಯೆಯಲ್ಲಿ ತಯಾರಾಗುವ ಸ್ಪೋರ್ಟ್ಸ್ ಕಾರು ಕೊಂಡರೆ ನಷ್ಟದ ಮಾತೇ ಇಲ್ಲ ಎಂಬ ಧಾಟಿಯ ಬರಹಗಳು ವಾಹನ ಪುಟಗಳಲ್ಲಿ ಪದೇ ಪದೇ ಬರುತ್ತಿವೆ. ಇರುವುದೇ 500, ಆದ್ದರಿಂದ ಬೆಲೆ ಏರಲೇಬೇಕು ಎನ್ನುವುದು ಅವುಗಳ ಲೆಕ್ಕ. ಈ ಲೆಕ್ಕ ನಂಬಿ ಕೈಸುಟ್ಟುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಆ ಕಾರಿನಲ್ಲಿ ಏನಿತ್ತೋ ಅದು ಮುಂದಿನ ಮಾದರಿಯಲ್ಲಿ ಮತ್ತೆ ಸಿಗುತ್ತದೆಯೇ, ಸಿಕ್ಕರೆ ಎಷ್ಟು ಕಡಿಮೆ ದುಡ್ಡಿಗೆ ಸಿಗುತ್ತದೆ ಎಂಬುದರ ಮೇಲೆ ಮರುಮಾರಾಟದ ಬೆಲೆ ನಿಂತಿರುತ್ತದೆ.

ಪೋರ್ಷೆ 911 ಆರ್ ಕಥೆ ನೋಡಿ. 2016ರ ಮಾರ್ಚ್‌ನಲ್ಲಿ ಜಿನೀವಾ ಮೇಳದಲ್ಲಿ ಬಂದ ಈ ಕಾರು ತಯಾರಾದದ್ದು 991 ಮಾತ್ರ. ಟರ್ಬೊ (ಎಂಜಿನ್ನಿಗೆ ಒತ್ತಡದಿಂದ ಗಾಳಿ ತುಂಬುವ ಸಾಧನ) ಇಲ್ಲದ 4 ಲೀಟರ್ ಎಂಜಿನ್, 500 ಅಶ್ವಶಕ್ತಿ, ಆರು ಗೇರಿನ ಮ್ಯಾನುವಲ್, ಹಿಂದೆ ದೊಡ್ಡ ರೆಕ್ಕೆ ಇಲ್ಲ. 911ರದೇ ಇನ್ನೊಂದು ಮಾದರಿಯಾದ ಆಗಿನ ಜಿಟಿ3ಯಲ್ಲಿ ಮ್ಯಾನುವಲ್ ಸಿಗುತ್ತಲೇ ಇರಲಿಲ್ಲ, ಪಿಡಿಕೆ ಎಂಬ ಸ್ವಯಂಚಾಲಿತ ಗೇರ್ ಒಂದೇ ಗತಿ. ಕ್ಲಚ್ ಪೆಡಲ್ ಬೇಕೆನ್ನುವವರೆಲ್ಲ ಆರ್ ಹಿಂದೆ ಬಿದ್ದರು. ಅಮೆರಿಕದಲ್ಲಿ 1,84,900 ಡಾಲರ್ ಪಟ್ಟಿಬೆಲೆ (ಕಂಪನಿ ನಿಗದಿ ಮಾಡಿದ ಬೆಲೆ) ಇದ್ದ ಕಾರಿಗೆ ಅದರ ಎರಡು-ಮೂರು ಪಟ್ಟು ಹೇಳತೊಡಗಿದರು. ವರ್ಷ ತುಂಬುವ ಹೊತ್ತಿಗೆ, 2017ರ ಮಾರ್ಚ್‌ನಲ್ಲಿ, ಅದೇ ಜಿನೀವಾದಲ್ಲಿ ಹೊಸ ಜಿಟಿ3 ಬಂತು: 4 ಲೀಟರ್, 500 ಅಶ್ವಶಕ್ತಿ, ಬೇಕೆಂದವರಿಗೆ ಮ್ಯಾನುವಲ್, ಪಟ್ಟಿಬೆಲೆ 1,43,600 ಡಾಲರ್. ಸೆಪ್ಟೆಂಬರ್‌ನಲ್ಲಿ ರೆಕ್ಕೆ ತೆಗೆದ ಟೂರಿಂಗ್ ಪ್ಯಾಕೇಜೂ ಬಂತು. ಆರ್ ಬೆಲೆ ಜರ್ರನೆ ಇಳಿಯಿತು. ಆದರೂ ಪಟ್ಟಿಬೆಲೆಯ ಕೆಳಗೆ ಹೋಗಲಿಲ್ಲ. ಮೆಗ್ನೀಸಿಯಂ ಚಾವಣಿ, ಕಾರ್ಬನ್ ಬಾನೆಟ್, ಜಿಟಿ3ಗಿಂತ ಸುಮಾರು 40 ಕಿಲೊ ಕಡಿಮೆ ತೂಕ, ಇಷ್ಟು ಹೊಸ ಜಿಟಿ3ಯಲ್ಲಿ ಸಿಗುತ್ತಿರಲಿಲ್ಲ.

ಇಲ್ಲಿ ಗಮನಿಸಬೇಕಾದದ್ದು, ಮೊದಲು ಕರಗುವುದು ಪಟ್ಟಿಬೆಲೆಯ ಮೇಲೆ ಕೂತ ಪ್ರೀಮಿಯಂ. ಪಟ್ಟಿಬೆಲೆ 100 ಎಂದಿಟ್ಟುಕೊಳ್ಳಿ. ಮೊದಲ ಮಾಲೀಕ 100ಕ್ಕೆ ಕೊಂಡು 180ಕ್ಕೆ ಮಾರಿದ. ಹೊಸ ಮಾದರಿ ಬಂದು ಬೆಲೆ 130ಕ್ಕೆ ಇಳಿಯಿತು. ಪತ್ರಿಕೆಗಳಲ್ಲಿ ‘ಈಗಲೂ ಪಟ್ಟಿಬೆಲೆಗಿಂತ ಶೇ 30 ಹೆಚ್ಚು’ ಎಂದು ಬರುತ್ತದೆ, ಸುಳ್ಳೇನಲ್ಲ. ಎರಡನೆಯವನಿಗೆ ಮಾತ್ರ ಶೇ 28ರಷ್ಟು ಹೋಗಿರುತ್ತದೆ. ವಿಮೆ, ನಿಲುಗಡೆ, ಸಾಲದ ಬಡ್ಡಿ, ಮಾರುವಾಗಿನ ಕಮಿಷನ್ ಇದಕ್ಕೆ ಹೊರತು.

ಹೊಸದು ಬಂದರೂ ಅಲುಗಾಡದ ಕಾರುಗಳೂ ಇವೆ. 2011ರ 911 ಜಿಟಿ3 ಆರ್‌ಎಸ್ 4.0 ತಯಾರಾದದ್ದು 600. ಎಂಜಿನಿಯರ್ ಮೆಟ್ಸ್‌ಗರ್ ಹೆಸರಿನ ಹಳೆಯ ಪೋರ್ಷೆ ಎಂಜಿನ್ನಿಗೆ ರಸ್ತೆ ಕಾರುಗಳಲ್ಲಿ ಕೊನೆಯ ಕೊಂಡಿ ಅದು. 2013ರಲ್ಲಿ ಬಂದ ಜಿಟಿ3 ಹೆಚ್ಚು ವೇಗದ್ದೇ, ಆದರೆ ಎಂಜಿನ್ ಬೇರೆ, ಮ್ಯಾನುವಲ್ ಇಲ್ಲ. ಹಳೆಯದರ ಕಿಮ್ಮತ್ತು ಹೊಸದರಿಂದಲೇ ಹೆಚ್ಚಿತು ಎನ್ನಬೇಕು. ಫೆರಾರಿ 458 ಸ್ಪೆಷಾಲೆಯೂ ಹಾಗೆಯೇ: ಅದರಲ್ಲಿ ಟರ್ಬೊ ಇರಲಿಲ್ಲ, ಅದರ ಜಾಗಕ್ಕೆ ಬಂದ 488 ಪಿಸ್ತಾ ಟರ್ಬೊ ಕಾರು. ಲೆಕ್ಸಸ್ ಎಲ್‌ಎಫ್‌ಎ ಒಟ್ಟು 500 ತಯಾರಾಗಿ 2012ರ ಕೊನೆಗೆ ನಿಂತಿತು. ಅಮೆರಿಕದ ಡೀಲರ್‌ಗಳ ಬಳಿ ಕೆಲವು ಕಾರುಗಳು ವರ್ಷಗಟ್ಟಲೆ ಮಾರಾಟವಾಗದೆ ಉಳಿದಿದ್ದವು. ಅದರ ಹತ್ತು ಸಿಲಿಂಡರಿನ ವಿ10 ಎಂಜಿನ್ ಮತ್ತೆ ಯಾವ ಲೆಕ್ಸಸ್‌ನಲ್ಲೂ ಬರಲಿಲ್ಲ, ಇವತ್ತು ಅದು ಪಟ್ಟಿಬೆಲೆಗಿಂತ ಎಷ್ಟೋ ಮೇಲಿದೆ. ಇನ್ನು ಬಿಎಂಡಬ್ಲ್ಯು 1 ಸಿರೀಸ್ ಎಂ: 2,700 ಎಂದು ಶುರುವಾಗಿ 6,000 ದಾಟಿತು. ಸಂಖ್ಯೆಯೇ ಎಲ್ಲ ಎನ್ನುವವರ ಪ್ರಕಾರ ಇದು ನೆಲ ಕಚ್ಚಬೇಕಿತ್ತು. ಹೈಡ್ರಾಲಿಕ್ ಸ್ಟಿಯರಿಂಗ್, ಮ್ಯಾನುವಲ್ ಮಾತ್ರ ಎಂಬ ಜೋಡಿ ನಂತರದ ಎಂ2ನಲ್ಲಿ ಇರಲಿಲ್ಲ, ಹಾಗಾಗಿ ಬೆಲೆ ಕುಸಿಯದೆ ಉಳಿಯಿತು.

ತಯಾರಕರು ಹೇಳುವ ಮಿತಿಯನ್ನು ನಂಬುವಾಗಲೂ ಸ್ವಲ್ಪ ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು. ಎರಡನೇ ತಲೆಮಾರಿನ ಫೋರ್ಡ್ ಜಿಟಿ ವರ್ಷಕ್ಕೆ 250ರಂತೆ ಎರಡು ವರ್ಷ ಎಂದಿದ್ದದ್ದು 1,000 ಆಯಿತು, ಕೊನೆಗೆ 1,350. ಫೆರಾರಿ ಎಫ್40 ಮೊದಲು 400 ಎಂದಿದ್ದು 1,300 ದಾಟಿತು. ಡಾಡ್ಜ್ ಡೀಮನ್ 2018ರಲ್ಲಿ 3,300 ಬಂದು ಮುಗಿಯಿತು ಎಂದುಕೊಂಡರೆ, 2023ರಲ್ಲಿ 1,025 ಅಶ್ವಶಕ್ತಿಯ ಡೀಮನ್ 170 ಬಂತು. ಸ್ಪೋರ್ಟ್ಸ್ ಕಾರಲ್ಲದಿದ್ದರೂ ಕ್ಯಾಡಿಲ್ಯಾಕ್ ಎಲ್ಡೊರಾಡೊ ಪ್ರಸಂಗ ಇಲ್ಲಿ ಹೇಳದೆ ಇರಲಾಗದು: 1976ರದ್ದು ಅಮೆರಿಕದ ಕೊನೆಯ ಕನ್ವರ್ಟಿಬಲ್ (ಚಾವಣಿ ಮಡಚುವ ಕಾರು) ಎಂದು ಜನ ಮುಗಿಬಿದ್ದು ಕೊಂಡರು, 1984ರ ಮಾದರಿಯಾಗಿ ಎಲ್ಡೊರಾಡೊ ಕನ್ವರ್ಟಿಬಲ್ ಮತ್ತೆ ಬಂದಾಗ ಕೆಲವರು ಕೋರ್ಟಿಗೇ ಹೋದರು. ಸಂಖ್ಯೆ ಇಳಿದರೂ ಖುಷಿಪಡುವಂತಿಲ್ಲ. ಮೆಕ್‌ಲಾರೆನ್ ಎಲ್ವಾ 399ರಿಂದ 249ಕ್ಕೆ, ಅಲ್ಲಿಂದ 149ಕ್ಕೆ ಇಳಿಯಿತು. ಕೊಳ್ಳುವವರು ಸಾಲುಗಟ್ಟಿ ನಿಂತಿದ್ದರೆ ಯಾರೂ ಹಾಗೆ ಇಳಿಸುವುದಿಲ್ಲ.

ಬೆಲೆ ಬೀಳುವುದು ಹೊಸ ಕಾರು ಷೋರೂಮಿಗೆ ಬಂದ ದಿನ ಅಲ್ಲ. ಅದಕ್ಕೂ ಮೊದಲೇ. ಹೊಸದನ್ನು ಕೊಳ್ಳುವ ಅವಕಾಶ ಸಾಮಾನ್ಯವಾಗಿ ಸಿಗುವುದು ಹಳೆಯದರ ಮಾಲೀಕರಿಗೇ. ಮುಂಗಡ ಕಟ್ಟುವ ಕಾಲಕ್ಕೆ ಅವರಿಗೆ ನಗದು ಬೇಕು, ಎಲ್ಲರೂ ಒಟ್ಟಿಗೆ ಮಾರಾಟಕ್ಕಿಡುತ್ತಾರೆ. 500 ತಯಾರಾದ ಕಾರಿನಲ್ಲಿ ಎಂಟೋ ಹತ್ತೋ ಮಾರಾಟಕ್ಕಿದ್ದ ಕಡೆ 40 ಆದರೆ ಬೆಲೆ ತಡೆಯುವುದಿಲ್ಲ. ಎರಡನೇ ಅಲೆ ಹೊಸದರ ವಿತರಣೆ ಶುರುವಾದ ಮೇಲೆ ಬರುತ್ತದೆ. ಆದ್ದರಿಂದ ಮಾರುವವರು ಮರೆಮಾಚಿದ ಪರೀಕ್ಷಾ ಕಾರಿನ ಚಿತ್ರಗಳು ಹೊರಬಿದ್ದ ಕೂಡಲೇ ನಿರ್ಧರಿಸಬೇಕು. ಕೊಳ್ಳುವವರು ವಿತರಣೆ ಶುರುವಾಗಿ ಆರೇಳು ತಿಂಗಳು ತಡೆದರೆ ಚೌಕಾಸಿಗೆ ಜಾಗ ಇರುತ್ತದೆ. ಜಾಹೀರಾತು ಎಣಿಸುವಾಗ ಷಾಸಿ ನಂಬರ್ ಹೊಂದಿಸಿ ನೋಡಿ. ಒಂದೇ ಕಾರು ಮೂರು ಡೀಲರ್‌ಗಳ ಪಟ್ಟಿಯಲ್ಲಿ ಕಾಣುವುದು ಮಾಮೂಲು. ಅದೇ ಕಾರು ನಾಲ್ಕು ತಿಂಗಳಲ್ಲಿ ಎರಡು ಸಲ ಬೆಲೆ ಇಳಿಸಿಕೊಂಡಿದ್ದರೆ, ಹೇಳುವ ಬೆಲೆಗೂ ಕುದುರುವ ಬೆಲೆಗೂ ಇರುವ ಅಂತರ ತಾನಾಗಿಯೇ ಗೊತ್ತಾಗುತ್ತದೆ.

ಮಾರುಕಟ್ಟೆ ಇಳಿದಾಗ ಮೊದಲು ಪೆಟ್ಟು ತಿನ್ನುವುದು ಕಾಗದಪತ್ರ ಸರಿ ಇಲ್ಲದ, ತಾಂತ್ರಿಕ ಕೊರತೆ ಇರುವ ಕಾರು. ಮ್ಯಾನುವಲ್ ಪೋರ್ಷೆ ಆದರೆ ಎಂಜಿನ್ ಕಂಪ್ಯೂಟರಿನ ಓವರ್‌ರೆವ್ ವರದಿ (ಎಂಜಿನ್ ಅತಿ ವೇಗದಲ್ಲಿ ತಿರುಗಿದ್ದರ ದಾಖಲೆ) ತೆಗೆಸಲೇಬೇಕು. 911ರ 997 ಎಂಬ ತಲೆಮಾರಿನ ಕಾಲದಿಂದ ಇದರಲ್ಲಿ ಆರು ಹಂತ. ಕೆಳಗಿನ ಹಂತಗಳಲ್ಲಿ ಎಣಿಕೆ ಇದ್ದರೆ ಚಿಂತೆ ಬೇಡ, ಮಿತಿಯ ತನಕ ಎಳೆದು ಓಡಿಸಿದ್ದಾರೆ ಅಷ್ಟೆ. 4ರಿಂದ 6ನೇ ಹಂತದ ಎಣಿಕೆ ಬೇರೆ ಮಾತು. ಮೂರನೇ ಗೇರಿನಿಂದ ನಾಲ್ಕಕ್ಕೆ ಹೋಗುವ ಬದಲು ಎರಡಕ್ಕೆ ಹಾಕಿ ಕ್ಲಚ್ ಬಿಟ್ಟರೆ, ಎಂಜಿನ್ ವೇಗಕ್ಕೆ ಮಿತಿ ಹಾಕುವ ರೆವ್ ಲಿಮಿಟರ್ ಇಂಧನ ನಿಲ್ಲಿಸಬಲ್ಲದೇ ಹೊರತು ಚಕ್ರಗಳೇ ಎಂಜಿನ್ನನ್ನು ತಿರುಗಿಸುವುದನ್ನು ತಡೆಯಲಾರದು. ಸ್ಪ್ರಿಂಗ್‌ಗಳ ಹಿಡಿತ ಮೀರಿ ವಾಲ್ವ್‌ಗಳು ಸಮಯಕ್ಕೆ ಮುಚ್ಚದೆ ತೇಲುತ್ತವೆ, ಕನೆಕ್ಟಿಂಗ್ ರಾಡಿನ ಬೋಲ್ಟ್‌ಗಳ ಮೇಲೆ ಹೊರೆ ಬೀಳುತ್ತದೆ. ಘಟನೆ ಎಂಜಿನ್ನಿನ ಎಷ್ಟನೇ ಗಂಟೆಯಲ್ಲಿ ಆಯಿತು ಎಂಬುದೂ ವರದಿಯಲ್ಲಿ ಇರುತ್ತದೆ. ಆಮೇಲೆ ನೂರಾರು ಗಂಟೆ ಓಡಿ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ, ಸೋರಿಕೆ ಅಳೆಯುವ ಲೀಕ್‌ಡೌನ್ ಪರೀಕ್ಷೆ ಎರಡೂ ಸರಿ ಬಂದರೆ ಬೆಲೆ ತಗ್ಗಿಸಿ ಕೊಳ್ಳಬಹುದು. ಐದು ಗಂಟೆ ಹಿಂದಿನದಾದರೆ ಕೈಮುಗಿದು ಎದ್ದು ಬರುವುದು ವಾಸಿ.

ಬಣ್ಣದ ದಪ್ಪ ಕಾರ್ಖಾನೆಯಿಂದ ಬಂದಾಗ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಒಂದು ಬಾಗಿಲಿನಲ್ಲಿ ಮಾತ್ರ 300 ಬಂದರೆ ಮತ್ತೆ ಬಣ್ಣ ಹೊಡೆದಿದ್ದಾರೆ ಎಂದೇ ಲೆಕ್ಕ. ಕಾರ್ಬನ್ ಭಾಗಗಳ ಮೇಲೆ ಲೋಹಕ್ಕಾಗಿ ಮಾಡಿದ ಮಾಪಕದ ಅಂಕಿಯನ್ನು ನಂಬಬಾರದು, ಅಲ್ಟ್ರಾಸಾನಿಕ್ ಮಾಪಕ ಬೇಕು. ಸೆರಾಮಿಕ್ ಬ್ರೇಕ್ ಡಿಸ್ಕ್ ಕಣ್ಣಿಗೆ ಹೊಸದರಂತೆ ಕಂಡರೂ ಟ್ರ್ಯಾಕಿನ ಬಿಸಿಗೆ ಒಳಗಿನ ಕಾರ್ಬನ್ ಉರಿದು ತೂಕ ಇಳಿದಿರುತ್ತದೆ. ಎಷ್ಟೋ ಡಿಸ್ಕ್‌ಗಳ ನಡುಭಾಗದಲ್ಲಿ ಕನಿಷ್ಠ ತೂಕ ಕೆತ್ತಿರುತ್ತಾರೆ, ಬಿಚ್ಚಿಸಿ ತೂಗಿಸಿ. ನಾಲ್ಕೂ ಒಟ್ಟಿಗೆ ಬದಲಿಸುವ ಖರ್ಚು ಒಂದು ಸಾಧಾರಣ ಕಾರಿನ ಬೆಲೆಗೆ ಸಮ.

ಕಡಿಮೆ ಕಿಲೊಮೀಟರ್ ಎಂಬ ಆಮಿಷಕ್ಕೂ ಮಿತಿ ಇದೆ. ಎಂಟು ವರ್ಷದಲ್ಲಿ 800 ಕಿ.ಮೀ. ಓಡಿದ ಕಾರಿನ ಟೈರ್ ಮೇಲಿನ ನಾಲ್ಕಂಕಿ ನೋಡಿ: 2217 ಎಂದಿದ್ದರೆ 2017ರ 22ನೇ ವಾರದ್ದು. ರಬ್ಬರ್ ಗಟ್ಟಿಯಾಗಿ ಹಿಡಿತ ಹೋಗಿರುತ್ತದೆ, ಓಡಿಸಿ ನೋಡುವುದೂ ಅಪಾಯ. ಎಫ್40ಯ ರಬ್ಬರ್ ಇಂಧನ ಚೀಲಗಳಿಗೆ ಓಡಿದ ದೂರದ ಹಂಗಿಲ್ಲ, ವಯಸ್ಸಾದಂತೆ ಕೆಡುತ್ತವೆ. ಹೈಬ್ರಿಡ್ ಕಾರುಗಳನ್ನು ಚಾರ್ಜರ್ ಇಲ್ಲದೆ ತಿಂಗಳುಗಟ್ಟಲೆ ನಿಲ್ಲಿಸಿದರೆ ಬ್ಯಾಟರಿ ಸತ್ತೇ ಹೋಗಬಹುದು. ಎರಡನೇ ಕೀ, ಟೂಲ್ ಕಿಟ್, ಸರ್ವಿಸ್ ಪುಸ್ತಕ, ಕಂಪನಿಯ ಚಾರ್ಜರ್ ಎಲ್ಲ ಇರಬೇಕು. ಇವು ಬಿಡಿಯಾಗಿ ಸಿಗುವುದು ಕಷ್ಟ.

ಒಪ್ಪಂದದ ಷರತ್ತನ್ನು ಕೇಳುವವರೇ ಕಡಿಮೆ. ಫೋರ್ಡ್ ಜಿಟಿಗೆ 24 ತಿಂಗಳು ಮಾರುವಂತಿಲ್ಲ ಎಂಬ ಕರಾರಿತ್ತು. ಅದನ್ನು ಮುರಿದರೆಂದು 2017ರಲ್ಲಿ ಕುಸ್ತಿಪಟು ಜಾನ್ ಸೀನಾ ಮೇಲೆ ಕಂಪನಿ ದಾವೆ ಹೂಡಿ, ಮರುವರ್ಷ ರಾಜಿಯಾಯಿತು. 2023ರಲ್ಲಿ ಬಂದ, 1,963 ಮಾತ್ರ ತಯಾರಾದ 911 ಎಸ್/ಟಿಯನ್ನು ಅಮೆರಿಕದಲ್ಲಿ ಮೊದಲ ವರ್ಷ ಗುತ್ತಿಗೆಗೆ ಮಾತ್ರ ಕೊಟ್ಟರು. ಇಂಥ ಅವಧಿಗಳು ಮುಗಿಯುವ ತಿಂಗಳಲ್ಲಿ ಎಷ್ಟೋ ಕಾರುಗಳು ಒಟ್ಟಿಗೆ ಮಾರುಕಟ್ಟೆಗೆ ಬರುತ್ತವೆ, ಆ ದಿನಾಂಕ ಗೊತ್ತಿಟ್ಟುಕೊಂಡಿರಬೇಕು. ಅವಧಿ ಮುಗಿಯುವ ಮುನ್ನವೇ ಮಾರಲು ಬಂದವರಿಂದ ಕಂಪನಿಯ ಲಿಖಿತ ಒಪ್ಪಿಗೆ ಕೇಳಿ.

ಪತ್ರಿಕೆಗೆ ಒಂದು ಕೋರಿಕೆ: ಹರಾಜಿನ ದಾಖಲೆ ಬೆಲೆಗಳನ್ನು ಪ್ರಕಟಿಸುವಾಗ ಅದು ಸುತ್ತಿಗೆ ಬಿದ್ದ ಬೆಲೆಯೋ, ಕೊಂಡವರ ಕಮಿಷನ್ ಸೇರಿದ್ದೋ ತಿಳಿಸಿ. ಗೇರ್ ಯಾವುದು, ಎಷ್ಟು ಓಡಿದೆ, ಅದೇ ಹರಾಜಿನಲ್ಲಿ ಅದೇ ಮಾದರಿಯ ಎಷ್ಟು ಕಾರು ಮಾರಾಟವಾಗದೆ ವಾಪಸಾದವು ಎಂಬುದನ್ನೂ ಎರಡು ಸಾಲಿನಲ್ಲಿ ಹಾಕಿದರೆ, ಆ ಅಂಕಿ ಓದುಗರ ಉಪಯೋಗಕ್ಕೆ ಬರುತ್ತದೆ.

ಇತಿ,
ವಾಹನ ಮೌಲ್ಯಮಾಪಕ